ಭೂರ್ಜಗಾಲಿನವರು ಹೊತ್ತ ಕೂಸು

ಕ್ನುದ್ ಬೆರ್ಗ್‌ಸ್ಲಿಯನ್ 1869ರಲ್ಲಿ ಬರೆದ ಚಿತ್ರವನ್ನು ನೋಡದ ನಾರ್ವೆಯವರು ಸಿಗುವುದು ಕಷ್ಟ. ಸುತ್ತಲೂ ಹಿಮ, ನಡುವೆ ಸ್ಕೀ ಕಟ್ಟಿಕೊಂಡು ಜಾರುತ್ತಿರುವ ಇಬ್ಬರು ಆಯುಧಧಾರಿಗಳು. ಒಬ್ಬನ ತೋಳಲ್ಲಿ ಬೆಚ್ಚಗೆ ಸುತ್ತಿದ ಕೂಸು. ಇವತ್ತು ಲಿಲೆಹಾಮರ್ ಊರಿನ ಮೇಲಿನ ಬೆಟ್ಟಗಳಲ್ಲಿ ತೆಳು ಬನಿಯನ್ ತೊಟ್ಟು ಓಡುವವರ ವಂಶಾವಳಿ ಹುಡುಕುತ್ತ ಹೋದರೆ ಈ ಕೂಸಿನ ಬಳಿಯೇ ಬಂದು ನಿಲ್ಲಬೇಕು.

ಅದರ ಹೆಸರು ಹೋಕೊನ್ ಹೋಕೊನ್ಸನ್. ಹುಟ್ಟಿದ್ದು 1204ರಲ್ಲಿ, ಅಪ್ಪ, ಅಂದರೆ ರಾಜ, ಸತ್ತ ಮೇಲೆ. ಸಿಂಹಾಸನಕ್ಕಾಗಿ ಬಡಿದಾಟ ನಡೆದಿದ್ದ ಕಾಲ. ಒಂದು ಕಡೆ ಬಾಗ್ಲರ್ ಪಕ್ಷ, ಇನ್ನೊಂದು ಕಡೆ ಬಿರ್ಕೆಬೈನರ್ ಪಕ್ಷ. ಈ ಎರಡನೆಯದು ಬೈಗುಳವಾಗಿ ಹುಟ್ಟಿದ ಹೆಸರು. ಪಾದರಕ್ಷೆಗೂ ಗತಿಯಿಲ್ಲದೆ ಕಾಲಿಗೆ ಬರ್ಚ್ ಮರದ ತೊಗಟೆ ಸುತ್ತಿಕೊಂಡವರು ಎಂಬ ಕುಹಕ ಅದರಲ್ಲಿದೆ. ನಮ್ಮಲ್ಲಿ ತಾಳೆಗರಿ ಇದ್ದಂತೆ ಹಿಮಾಲಯದ ಕಡೆ ಗ್ರಂಥ ಬರೆಯಲು ಬಳಸುತ್ತಿದ್ದ ಭೂರ್ಜಪತ್ರವೂ ಇದೇ ಕುಲದ ಮರದ್ದು. ಭೂರ್ಜ, ಬರ್ಚ್, ಬಿರ್ಕೆ ಮೂರೂ ಒಂದೇ ಬೇರಿನ ಮಾತುಗಳು. ಅವರನ್ನು ಭೂರ್ಜಗಾಲಿನವರು ಎಂದು ಕರೆದರೆ ತಪ್ಪೇನಿಲ್ಲ.

1206ರ ಚಳಿಗಾಲ. ಬಾಗ್ಲರ್‌ಗಳ ಕೈಗೆ ಸಿಗದಂತೆ ಮಗುವನ್ನು ಉತ್ತರದ ನಿದಾರೋಸ್‌ಗೆ, ಈಗಿನ ಟ್ರಾಂಡ್‌ಹೈಮ್‌ಗೆ, ಮುಟ್ಟಿಸಬೇಕಿತ್ತು. ತಾಯಿ ಇಂಗಾ ಕೂಡ ಹೊರಟಿದ್ದಳು. ಲಿಲೆಹಾಮರ್ ಬಿಟ್ಟ ಮೇಲೆ ಹವೆ ಕೆಟ್ಟಿತು. ಸ್ಕೀಯಲ್ಲಿ ಪಳಗಿದ ಇಬ್ಬರು, ತೊರ್ಸ್ಟೈನ್ ಶೆವ್ಲಾ ಮತ್ತು ಶೆರ್ವಾಲ್ಡ್ ಸ್ಕ್ರುಕ್ಕಾ, ಮಗುವನ್ನೆತ್ತಿಕೊಂಡು ಬೆಟ್ಟ ದಾಟಿ ಪೂರ್ವದ ಒಸ್ಟರ್‌ಡಾಲೆನ್ ಕಣಿವೆಗೆ ಇಳಿದರು. ಇದನ್ನು 1260ರ ದಶಕದಲ್ಲಿ ಬರೆದವನು ಐಸ್‌ಲ್ಯಾಂಡಿನ ಸ್ಟುರ್ಲಾ ಥೋರ್ದಾರ್ಸನ್, ಬರೆಸಿದವನು ಹೋಕೊನನ ಮಗ. ಅಪ್ಪನ ಕಥೆಯನ್ನು ಮಗನೇ ಬರೆಸಿದರೆ ಒಂದಿಷ್ಟು ಮೆರುಗು ಇರುವುದೇ. ಕೂಸಂತೂ ಬದುಕಿತು, 1217ರಲ್ಲಿ ಪಟ್ಟಕ್ಕೇರಿ 1263ರವರೆಗೆ ರಾಜ್ಯವಾಳಿತು.

ಮುಂದಿನ ಏಳು ಶತಮಾನಗಳನ್ನು ಒಂದೇ ಹೆಜ್ಜೆಗೆ ದಾಟಬಹುದು. 1932ರಲ್ಲಿ ಈ ಸಾಹಸದ ನೆನಪಿಗೆ ಸ್ಕೀ ಪಂದ್ಯ ಶುರುವಾಯಿತು. ಈಗಿನ ದಾರಿ ರೆನಾದಿಂದ ಲಿಲೆಹಾಮರ್‌ಗೆ, 54 ಕಿ.ಮೀ. ಅಂದರೆ ಪೂರ್ವದಿಂದ ಪಶ್ಚಿಮಕ್ಕೆ, ಮಗುವನ್ನು ಯಾವ ಕಡೆಯಿಂದ ತಪ್ಪಿಸಿದರೋ ವಾಪಸ್ ಅದೇ ಕಡೆಗೆ! ತಾಯಿಯೊಬ್ಬಳು ಹೊರಟ ಪ್ರಯಾಣದ ಹೆಸರಿನ ಪಂದ್ಯದಲ್ಲಿ ಹೆಂಗಸರಿಗೆ ಪ್ರವೇಶ ಸಿಕ್ಕಿದ್ದು 1976ರಲ್ಲಿ.

ಇದಕ್ಕಿಂತ ಸೋಜಿಗ ಬೆನ್ನಿನ ಚೀಲದ್ದು. ಪ್ರತಿ ಸ್ಪರ್ಧಿಯೂ ಕನಿಷ್ಠ 3.5 ಕಿಲೋ ಹೊರಬೇಕು, ಅದು ರಾಜಕುಮಾರನ ಲೆಕ್ಕ. ಚೀಲವನ್ನು ತಕ್ಕಡಿಗಿಟ್ಟು ನೋಡುತ್ತಾರೆ. ಒಳಗೆ ಒಣ ಬಟ್ಟೆ, ಗಾಳಿ ತಡೆಯುವ ಅಂಗಿ, ಬುತ್ತಿ. ಬೆಟ್ಟದ ಮೇಲೆ ಹವೆ ತಿರುಗಿದರೆ ಜೀವ ಉಳಿಸುವ ಸಾಮಾನೇ ಸರಿ. ಆದರೆ ಮೂರೂವರೆ ಕಿಲೋ ಆಗಷ್ಟೇ ಹುಟ್ಟಿದ ಮಗುವಿನ ತೂಕ. ಹೋಕೊನನಿಗೆ ಆಗ ಹೆಚ್ಚುಕಡಿಮೆ ಒಂದೂವರೆ ವರ್ಷ. ಅಷ್ಟು ಬೆಳೆದ ಮಗುವನ್ನು ಅರ್ಧ ಗಂಟೆ ಸೊಂಟದ ಮೇಲೆ ಕೂರಿಸಿಕೊಂಡ ಯಾವ ಅಜ್ಜಿಯನ್ನು ಕೇಳಿದರೂ ಹತ್ತು ಕಿಲೋ ಆಸುಪಾಸು ಎಂದಾಳು. ನಿಯಮ ಮಾಡಿದವರು ಕೂಸನ್ನು ಮತ್ತೆ ತೊಟ್ಟಿಲಿಗೆ ಹಾಕಿಬಿಟ್ಟರು.

1993ರಲ್ಲಿ ಸೈಕಲ್ ಪಂದ್ಯ ಸೇರಿಕೊಂಡಿತು, ಚೀಲವೂ ಜೊತೆಗೆ ಬಂತು. ಆಮೇಲೆ ಕಾಲೋಟ, ಅರ್ಧ ಮ್ಯಾರಥಾನ್ ಅಳತೆಯ ಕಾಡುದಾರಿ. ಅದಕ್ಕೂ ತೃಪ್ತಿಯಾಗದವರಿಗೆ ಸುಮಾರು 60 ಕಿ.ಮೀ.ನ ಅಲ್ಟ್ರಾ. ಮೂರೂ ಪಂದ್ಯಗಳಲ್ಲಿ ಆಸೆ ಹುಟ್ಟಿಸುವುದು 'ಮೆರ್ಕೆ' ಎಂಬ ಗುರುತು. ತಮ್ಮ ವಯೋಗುಂಪಿನ ಮುಂಚೂಣಿಯವರ ಸರಾಸರಿ ವೇಳೆಗಿಂತ ಶೇ 25ಕ್ಕೂ ಹೆಚ್ಚು ಹಿಂದೆ ಬೀಳದೆ ಮುಗಿಸಿದವರಿಗೆ ಅದು ದಕ್ಕುತ್ತದೆ.

ಹಿಮ ಕರಗಿದ ಬೆಟ್ಟದಲ್ಲಿ ಸ್ಕೀಯವರು ಕಾಣದ ನೆಲವೊಂದು ಓಟಗಾರರಿಗೆ ಎದುರಾಗುತ್ತದೆ. ಮೇಲೆ ಹಸಿರು ಪಾಚಿ, ಕೆಳಗೆ ಕಪ್ಪು ನೀರು. ಗಟ್ಟಿ ನೆಲವೆಂದು ಕಾಲಿಟ್ಟರೆ ಪಾದ ಮುಳುಗಿ ಬೂಟಿನೊಳಗೆ ತಣ್ಣೀರು ನುಗ್ಗುತ್ತದೆ, ಎಳೆದರೆ ಪಚಕ್ಕೆಂದು ಸದ್ದು. ಅಲ್ಲಲ್ಲಿ ಹಾಸಿದ ಹಲಗೆಗಳು ಮಳೆಗೆ ಜಾರುತ್ತವೆ. ಪಕ್ಕದಲ್ಲಿ ಮೊಳಕಾಲೆತ್ತರದ ಕುಬ್ಜ ಭೂರ್ಜದ ಪೊದೆಗಳು ಕಣಕಾಲು ಗೀರುತ್ತವೆ. ತೊಗಟೆ ಸುತ್ತಿಕೊಂಡವರನ್ನು ಆಡಿಕೊಂಡು ನಕ್ಕವರು ಇಲ್ಲೊಮ್ಮೆ ಓಡಬೇಕಿತ್ತು.

ಅರ್ಧ ಮ್ಯಾರಥಾನ್‌ಗೆ ಚೀಲ ಕಡ್ಡಾಯವಲ್ಲ. ತೋಳಿನಿಂದ ಬೆನ್ನಿಗೆ ಜಾರಿ, ಬೆನ್ನಿನ ಮೇಲೆ ಮೂರೂವರೆ ಕಿಲೋಗೆ ಇಳಿದಿದ್ದ ಕೂಸು ಇಲ್ಲಿ ಮಾಯವೇ ಆಗಿದೆ. ಓಟದ ನೆಲೆಯಾದ ಬಿರ್ಕೆಬೈನರೆನ್ ಸ್ಕೀ ಕ್ರೀಡಾಂಗಣ 1994ರ ಚಳಿಗಾಲದ ಒಲಿಂಪಿಕ್ಸ್‌ನ ಅಂಗಳ. ಆ ಕೂಟದ ಮ್ಯಾಸ್ಕಾಟ್‌ಗಳು ಇಬ್ಬರು ಮಕ್ಕಳು: ಒಬ್ಬಳು ಕ್ರಿಸ್ಟಿನ್, ಇನ್ನೊಬ್ಬ ಹೋಕೊನ್. ಇಬ್ಬರೂ ತಮ್ಮ ಕಾಲ ಮೇಲೆ ನಿಂತು ನಗುತ್ತಿದ್ದರು.