ಕಟ್ಟಿಗೆ ಸೀಳುವ ಯಂತ್ರವೂ ಕೈಬೆರಳೂ

ಬಾಗಲಕೋಟೆಯ ಸೀಮೆಯಲ್ಲಿ ಅಡಿಗೆಯ ಕೆಲಸವನ್ನು ಗ್ಯಾಸು ಬಹುಮಟ್ಟಿಗೆ ವಹಿಸಿಕೊಂಡಿದ್ದರೂ, ಬಚ್ಚಲ ಹಂಡೆಗೂ ರೊಟ್ಟಿಯ ಹಂಚಿಗೂ ಕಟ್ಟಿಗೆಯ ಋಣ ಇನ್ನೂ ಹರಿದಿಲ್ಲ. ಈಚೆಗೆ ಕಟ್ಟಿಗೆ ಸೀಳುವ ಯಂತ್ರಗಳು ಪೇಟೆಗೆ ಬಂದಿರುವದರಿಂದ, ಒಂದನ್ನು ಕೊಳ್ಳಬೇಕೋ ಬೇಡವೋ ಎಂಬ ವಿಚಾರವು ಗೃಹಸ್ಥರಲ್ಲಿ ಹುಟ್ಟುವದು ಸಹಜ. ಬೆಲೆಗಿಂತ ಮೊದಲು ಕೈಬೆರಳುಗಳ ವಿಚಾರ ಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ.

ಹುನಗುಂದದ ಎರೆಹೊಲಗಳ ಬದುವಿನ ಕರಿಜಾಲಿಯೂ, ಹಾಳುಭೂಮಿಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿಜಾಲಿಯೂ ಚೆನ್ನಾಗಿ ಉರಿದು ಗಟ್ಟಿ ಕೆಂಡ ಕೊಡುವವು; ಆದರೆ ಒಣಗಿದ ಮೇಲೆ ಕೊಡಲಿಗೆ ಸುಲಭವಾಗಿ ಮಣಿಯಲಾರವು. ಆದುದರಿಂದ ಹಸಿಯಿದ್ದಾಗಲೇ ಸೀಳಿ, ನೆಲ ತಾಗದಂತೆ ಒಟ್ಟಿ, ಬೇಸಿಗೆಯ ಬಿಸಿಲಿಗೆ ಒಣಗಿಸುವದು ಜಾಣತನ. ಹಸಿ ಕಟ್ಟಿಗೆಯ ಹೊಗೆ ಯಾರ ಕಣ್ಣಿಗೆ, ಯಾರ ಎದೆಗೆ ಹೋಗುವದೆಂಬುದನ್ನು ಒಲೆಯ ಮುಂದೆ ಕೂಡದ ಗಂಡಸರು ಲಕ್ಷಿಸುವದು ಕಡಿಮೆ.

ದಿನಕ್ಕೊಂದು ಹೊರೆ ಸುಡುವ ಮನೆಗೆ ಯಂತ್ರವೇ ಬೇಡ. ಯಂತ್ರದ ಗರಗಸಗಳು ಬರುವ ಮುನ್ನ ಇಳಕಲ್ಲಿನ ಕೆಂಪು ಗ್ರಾನೈಟನ್ನು ಕಲ್ಲುಕುಟಿಗರು ಸಾಲಾಗಿ ತೂತು ಕೊರೆದು, ಉಕ್ಕಿನ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಪೆಟ್ಟು ಕೊಟ್ಟು ಸೀಳುತ್ತಿದ್ದರು. ಕಟ್ಟಿಗೆಗೂ ಇದೇ ನ್ಯಾಯ. ರಟ್ಟೆಯ ಬಲಕ್ಕಿಂತ ಬೆಣೆಯ ಆಕಾರವೇ ಹೆಚ್ಚು ಕೆಲಸ ಮಾಡುವದು. ಮರ ಕಡಿಯುವ ತೆಳು ಕೊಡಲಿ ದಿಮ್ಮಿಯಲ್ಲಿ ಸಿಕ್ಕಿಕೊಳ್ಳುವದು; ಸೀಳಲಿಕ್ಕೆ ದಪ್ಪನ್ನ, ಭಾರವಾದ ಕೊಡಲಿ ಬೇಕು. ಅದರ ಕಾವು ಉದ್ದವಿರಬೇಕು, ಯಾಕಂದರೆ ಗುರಿ ತಪ್ಪಿದಾಗ ಅಲಗು ಕಾಲಿಗೆ ಬರದೆ ಅಡಿಯ ಕೊರಡಿಗೇ ಬೀಳುವದು. ಗಂಟನ್ನು ಬಿಟ್ಟು, ಒಡಕು ಕಂಡಲ್ಲಿ ಹೊಡೆಯಬೇಕು. ಬೆಣೆಯ ತಲೆ ಪೆಟ್ಟು ತಿಂದು ಅಣಬೆಯಂತೆ ಅರಳಿದ್ದರೆ ಅರದಿಂದ ಉಜ್ಜಿ ತೆಗೆಯದೆ ಬಳಸಕೂಡದು. ಅಲ್ಲಿಂದ ಸಿಡಿದ ಉಕ್ಕಿನ ಚೂರು ಕಣ್ಣನ್ನೇ ಕಳೆಯಬಲ್ಲದು.

ಖಾನಾವಳಿಗೋ, ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಂಥ ದೊಡ್ಡ ಅಡಿಗೆಗೋ ಗಾಡಿಗಟ್ಟಲೆ ಕಟ್ಟಿಗೆ ಬೇಕಾದವರಿಗೆ ಯಂತ್ರವು ತಕ್ಕದ್ದು. ತಿರುಗುವ ಸ್ಕ್ರೂ ಮೊನೆಗೆ ದಿಮ್ಮಿಯನ್ನು ಒತ್ತಿ ಹಿಡಿಯುವ ಒಂದು ಬಗೆಯುಂಟು. ಧೋತರದ ಚುಂಗು, ಸೀರೆಯ ಸೆರಗು, ಕೈಬಳೆ, ಯಾವುದನ್ನೂ ಅದು ಬಿಡದು. ನಾವಂತೂ ಅದನ್ನು ಅಂಗಳಕ್ಕೆ ಸೇರಿಸಲಾರೆವು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರವೇ ಮೇಲು. ವಿದ್ಯುತ್ತಿನ 5-7 ಟನ್ನಿನ ಚಿಕ್ಕವು ಗೇಣಗಲದ ನೇರ ದಿಮ್ಮಿಗಳಿಗೆ ಸಾಲುವವು. ಗಂಟುಗಂಟಾದ ಜಾಲಿಯ ಬುಡಕ್ಕೆ 20 ಟನ್ನಾದರೂ ಬೇಕಾಗಬಹುದು. ಎರಡೂ ಕೈಗಳಿಂದ ಎರಡು ಹಿಡಿಕೆಗಳನ್ನು ಒತ್ತಿದರೆ ಮಾತ್ರ ನಡೆಯುವಂಥದನ್ನೇ ಕೇಳಿ ಕೊಳ್ಳಿರಿ. ಹಿಡಿಕೆಯಲ್ಲಿರುವ ಕೈ ಬೆಣೆಯ ಬಾಯಿಗೆ ಸಿಗಲಾರದು. ಒಂದು ಹಿಡಿಕೆಯನ್ನು ಹಗ್ಗದಿಂದ ಕಟ್ಟಿ ಒಂಟಿಗೈಯಿಂದ ನಡೆಸುವ ಜಾಣರೂ ಇದ್ದಾರೆ. ಅವರ ಸಹವಾಸ ಬೇಡ.

ದಿಮ್ಮಿ ಇಡುವವನೂ ಹಿಡಿಕೆ ಒತ್ತುವವನೂ ಒಬ್ಬನೇ ಆಗಿರಬೇಕು. ಒಬ್ಬನು ಇಡುತ್ತಿರುವಾಗ ಇನ್ನೊಬ್ಬನು ಒತ್ತುವ ಗಡಿಬಿಡಿಯಲ್ಲಿಯೇ ಬೆರಳುಗಳು ಹೋಗುವವು. ಪೆಟ್ರೋಲಿನ ಯಂತ್ರವನ್ನು ಕೊಟ್ಟಿಗೆಯೊಳಗೆ ನಡೆಸಕೂಡದು. ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಣ್ಣೆಯ ನಳಿಗೆ ಸೋರುವದೋ ಎಂದು ಕೈಯಾಡಿಸಿ ನೋಡುವದಂತೂ ಮಹಾ ಅಪಾಯ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುವದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೆಡತೊಡಗಿರುವದು. ಹೀಗಾದಾಗ ಅರಿಸಿನ ಹಚ್ಚಿ ಮನೆಯಲ್ಲಿ ಕೂಡದೆ, ನೋವಿಲ್ಲದಿದ್ದರೂ ಕೂಡಲೇ ಶಸ್ತ್ರವೈದ್ಯರಿರುವ ದವಾಖಾನೆಗೆ ಹೋಗಿ, ಯಂತ್ರದ ಎಣ್ಣೆ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು.