ಟೆಂಟ್ ಬಾಗಿಲಿಗೆ ಎಮ್ಮೆ ಬಂದರೆ?

ವೀಕೆಂಡ್‌ಗೆ ದಾಂಡೇಲಿ, ಜೋಯಿಡಾ ಕಡೆ ಕ್ಯಾಂಪಿಂಗ್ ಹೊರಟಿದ್ದೀರಾ? ಬೆಳಿಗ್ಗೆ ಟೆಂಟ್ ಝಿಪ್ ಎಳೆದರೆ ಎದುರಿಗೇ ಎಮ್ಮೆ ನಿಂತಿರಬಹುದು. ಗಾಬರಿ ಬೇಡ. ಹಳಿಯಾಳ, ಮುಂಡಗೋಡದವರೆಗೂ ಕಾಡಂಚಿನಲ್ಲಿರುವ ಗೌಳಿ ಕುಟುಂಬಗಳು ಎಮ್ಮೆ ಮೇಯಿಸಿ, ಹಾಲು ಮಾರಿ ಬದುಕುವವರು. ನೀವು ಟೆಂಟ್ ಹಾಕಿದ ಜಾಗ ಆ ಎಮ್ಮೆಗಳ ದಿನನಿತ್ಯದ ದಾರಿಯೇ ಆಗಿರಬಹುದು.

ಕಲ್ಲು ಹೊಡೀಬೇಡಿ, ಕಿರುಚಬೇಡಿ. ಕರು ಜೊತೆಗಿದ್ದರೆ ತಾಯಿ-ಕರುವಿನ ನಡುವೆ ಹೋಗಲೇಬೇಡಿ. ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಸಾಮಾನ್ಯವಾಗಿ ತಾವೇ ಹೋಗುತ್ತವೆ. ಉಪ್ಪು, ಅಕ್ಕಿ, ತರಕಾರಿ ಸಿಪ್ಪೆ ಮುಚ್ಚಿದ ಡಬ್ಬಿಯಲ್ಲಿರಲಿ.

ಮುಖ್ಯವಾದದ್ದು ಕಸ. ಉಪ್ಪಿನ ರುಚಿಯಿರುವ ಚಿಪ್ಸ್ ಪ್ಯಾಕೆಟ್, ಕ್ಯಾರಿಬ್ಯಾಗ್ ಸಿಕ್ಕರೆ ಎಮ್ಮೆ ನುಂಗಿಬಿಡುತ್ತೆ. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗಲ್ಲ. ಅಲ್ಲೇ ಗಂಟುಕಟ್ಟಿ ಜೀವ ತೆಗೆಯಬಹುದು. ಒಂದು ಎಮ್ಮೆ ಹೋದರೆ ಆ ಮನೆಯ ಹಾಲಿನ ದುಡ್ಡೂ ಹೋದಂತೆ. ಹಾಗಾಗಿ ಹೊರಡುವಾಗ ಕಸದ ಚೀಲ ನಿಮ್ಮ ಗಾಡಿಯಲ್ಲೇ ವಾಪಸ್ ಬರಲಿ.