ಮೇದೋಜೀರಕದ ಸ್ಟೆಂಟನ್ನು ಯಾಕೆ ಬದಲಾಯಿಸುತ್ತಾರೆ?

ಪ್ರಶ್ನೆ: ಅಪ್ಪನಿಗೆ ಬಹಳ ವರ್ಷದಿಂದ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ). ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಆದರೆ ಅದನ್ನು ಬದಲಾಯಿಸುತ್ತಿರಬೇಕಂತೆ. ಹೃದಯದ ಸ್ಟೆಂಟ್ ಹಾಕಿದರೆ ಹಾಗೇ ಇರುತ್ತದಲ್ಲ?

ಉತ್ತರ: ಹೆಸರು ಒಂದೇ, ವಸ್ತು ಬೇರೆ. ಹೃದಯದ್ದು ಲೋಹದ ಜಾಲರಿ. ರಕ್ತನಾಳದ ಒಳಪದರವೇ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ. ಮೇದೋಜೀರಕದ ನಾಳಕ್ಕೆ ಸಾಮಾನ್ಯವಾಗಿ ಹಾಕುವುದು ಪ್ಲಾಸ್ಟಿಕ್ ಕೊಳವೆ. 10 ಫ್ರೆಂಚ್ ಅಳತೆಯದಾದರೆ ಸುಮಾರು 3.3 ಮಿ.ಮೀ. ದಪ್ಪ, ಹೆಚ್ಚುಕಡಿಮೆ ಬಾಲ್‌ಪೆನ್ನಿನ ರೀಫಿಲ್‌ನಷ್ಟು. ಬಾಯಿಯಿಂದ ಎಂಡೋಸ್ಕೋಪನ್ನು ಸಣ್ಣ ಕರುಳಿನ ಆರಂಭದವರೆಗೆ ಇಳಿಸಿ, ಅಲ್ಲಿ ತೆರೆದುಕೊಳ್ಳುವ ನಾಳದ ಪುಟ್ಟ ಬಾಯಿಯೊಳಗೆ, ಎಕ್ಸ್‌ರೇ ನೋಡಿಕೊಂಡು, ತೆಳ್ಳನೆಯ ತಂತಿಯ ಮೇಲೆ ಅದನ್ನು ಜಾರಿಸುತ್ತಾರೆ. ದಾರಿಗೆ ದೊಡ್ಡ ಕಲ್ಲು ಅಡ್ಡವಿದ್ದರೆ ಮೊದಲು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡುವುದುಂಟು.

ಜೀರ್ಣರಸದಲ್ಲಿರುವ ಪ್ರೋಟೀನು, ಸುಣ್ಣದ ಅಂಶ ಕೊಳವೆಯೊಳಗೆ ಮೆತ್ತಿಕೊಂಡು ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ನೋವು ಮರಳಬಹುದು, ಸೋಂಕೂ ಆಗಬಹುದು. ಅದಕ್ಕೇ ಬದಲಾವಣೆ. ಗಾಯದ ಕಲೆಯಂತೆ ಗಟ್ಟಿಯಾದ ನಾಳ ಹಿಗ್ಗಿ ನಿಲ್ಲಲು ಸಮಯ ಬೇಕು. ಹಾಗಾಗಿ ಹೀಗೆ ಬದಲಾಯಿಸುತ್ತಾ ಸುಮಾರು ಒಂದು ವರ್ಷ ಸ್ಟೆಂಟ್ ಇಟ್ಟು, ಆಮೇಲೆ ತೆಗೆದು ನೋಡುವುದು ರೂಢಿ. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ; ನೋವಿಲ್ಲ ಎಂದು ಸ್ಟೆಂಟನ್ನು ಮರೆತುಬಿಡುವುದು ನಿಜಕ್ಕೂ ಅಪಾಯ. ಜ್ವರ, ಚಳಿ, ಹೊಟ್ಟೆನೋವು ಬಂದರೆ ತಾರೀಖಿಗೆ ಕಾಯದೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು ವೈದ್ಯರನ್ನು ಕೇಳಿ: ಶಸ್ತ್ರಚಿಕಿತ್ಸೆ ಒಳ್ಳೆಯದೇ? ನೆದರ್ಲೆಂಡ್ಸ್‌ನಲ್ಲಿ ನಡೆದು 2007 ಮತ್ತು 2020ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಎಂಡೋಸ್ಕೋಪಿಗಿಂತ ಶಸ್ತ್ರಚಿಕಿತ್ಸೆಯಿಂದಲೇ ನೋವು ಹೆಚ್ಚು ತಗ್ಗಿತ್ತು. ತಂದೆಯವರಿಗೆ ಸಿಗರೇಟು, ಕುಡಿತ ಇದ್ದರೆ ಇಂದೇ ಬಿಡಿಸಿ. ಅವು ಮಾಡುವ ಹಾನಿಯನ್ನು ಯಾವ ಸ್ಟೆಂಟೂ ತಡೆಯದು.